ಕಿವಿಯ ಹಿಂದೆ ಒಂದು ಬೊಟ್ಟು

ತಮಿಳುನಾಡಿನ ಕಡಯಂಪಟ್ಟಿ ಹತ್ತಿರದ ಒಂದು ಹಳ್ಳಿಯಲ್ಲಿ ರಾಮಕ್ಕ ಇದ್ದಾಳೆ. ಗಂಡ ಸಿದ್ದಪ್ಪನ ಜೊತೆ ಟೊಮೆಟೊ ಬೆಳೆಯುತ್ತಾಳೆ. ವಯಸ್ಸು ನಲವತ್ತಾರೇ ಆದರೂ ತಲೆ ಪೂರ್ತಿ ನೆರೆತಿತ್ತು. ಒಂದು ದಿನ ಬಸ್ಸಿನಲ್ಲಿ ಅವಳಿಗಿಂತ ದೊಡ್ಡವಳೊಬ್ಬಳು ಎದ್ದು, "ಉಕ್ಕಾರುಂಗ ಪಾಟ್ಟಿ" ಎಂದು ಅಜ್ಜಿಗೆ ಬಿಡುವಂತೆ ಸೀಟು ಬಿಟ್ಟಳು. ರಾಮಕ್ಕ ನಕ್ಕು ಕುಳಿತಳು. ಆದರೆ ಆ ಮಾತು ಮನಸ್ಸಿನಲ್ಲೇ ಉಳಿಯಿತು.

ಭಾನುವಾರ ಮಗಳು ಭುವನಾಳ ನಿಶ್ಚಿತಾರ್ಥ. ಬುಧವಾರ ರಾಮಕ್ಕ ಯಾರಿಗೂ ಹೇಳದೆ ಪೇಟೆಯ ಬ್ಯೂಟಿ ಪಾರ್ಲರಿಗೆ ಹೋದಳು. ಪಾರ್ಲರ್ ನಡೆಸುವ ಸೆಲ್ವಿಗೆ ಅವತ್ತು ಕೈತುಂಬ ಕೆಲಸ.

"ಹೋದ ಸಲಿ ಮನೇಲಿ ಪಾಕೆಟ್ ಡೈ ಆಕ್ಕಂಡಾಗ ಒಸಿ ಕೆರೆತ ಬಂದಿತ್ತಮ್ಮ," ಎಂದಳು ರಾಮಕ್ಕ.

"ಇದು ಒಳ್ಳೆ ಡೈ ಅಕ್ಕಾ. ಒಣ್ಣುಂ ಆಗಾದು, ಏನೂ ಆಗಲ್ಲ," ಎಂದು ಸೆಲ್ವಿ ಹಚ್ಚಿಯೇಬಿಟ್ಟಳು.

ಹತ್ತು ನಿಮಿಷಕ್ಕೆ ನೆತ್ತಿ ಉರಿಯತೊಡಗಿತು. ಬಣ್ಣ ಹಿಡಿಯಬೇಕಾದರೆ ಇಷ್ಟು ಉರಿಯುತ್ತದೇನೋ ಎಂದುಕೊಂಡು ರಾಮಕ್ಕ ಹಲ್ಲು ಕಚ್ಚಿ ಕುಳಿತಳು. ಮನೆಗೆ ಬಂದಾಗ ಸಿದ್ದಪ್ಪ ಅವಳನ್ನು ನೋಡಿ, "ಮಗಳಿಗಾ ನಿಶ್ಚಿತಾರ್ಥ, ನಿಂಗಾ?" ಎಂದು ಕೀಟಲೆ ಮಾಡಿದ. ರಾಮಕ್ಕನಿಗೆ ನಾಚಿಕೆ, ಸಂತೋಷ ಎರಡೂ ಆಯಿತು.

ಬೆಳಿಗ್ಗೆ ಎದ್ದರೆ ಕಣ್ಣು ತೆರೆಯಲಾಗಲಿಲ್ಲ. ರೆಪ್ಪೆಗಳು ಊದಿ ಮುಚ್ಚಿಕೊಂಡಿದ್ದವು. ಕಿವಿ ದಪ್ಪಗಾಗಿತ್ತು. ಹಣೆಯ ಅಂಚಿನಲ್ಲಿ ಗುಳ್ಳೆಗಳೆದ್ದು ನೀರು ಸೋರುತ್ತಿತ್ತು.

"ದಿಷ್ಟಿನೇ ಇದು," ಎಂದ ಸಿದ್ದಪ್ಪ. "ನೆನ್ನೆ ದಾರೀಲಿ ಯಾರ ಕಣ್ಣು ಬಿತ್ತೋ. ಉಪ್ಪು ಮೆಣಸಿನಕಾಯಿ ತತ್ತಾ, ಇಳಿ ತೆಗೀತೀನಿ."

ಪಕ್ಕದ ಮನೆಯ ಪಾಪಾತಿ ನಿಂಬೆಹಣ್ಣು, ಅರಿಶಿನ ಹಿಡಿದು ಓಡಿ ಬಂದಳು. "ಇದನ್ನ ತಿಕ್ಕಿದ್ರೆ ನಂಜು ಇಳೀತೈತೆ."

ಭುವನಾ ಅವಳ ಕೈ ಹಿಡಿದುಕೊಂಡಳು. "ಬ್ಯಾಡ ಅತ್ತೆ. ಗಾಯದ ಮ್ಯಾಲೆ ಹುಳಿ ತಿಕ್ತೀಯಾ? ಒಸಿ ತಡಿ, ಸಿಸ್ಟರಿಗೆ ಫೋನ್ ಮಾಡಿವ್ನಿ."

ಊರಿನ ಆರೋಗ್ಯ ಕಾರ್ಯಕರ್ತೆ ಹರಿಪ್ರಿಯಾ ಸೇಲಂ ಕಡೆಯವರು. ಎಲ್ಲರ ಬಾಯಲ್ಲೂ 'ಸಿಸ್ಟರ್'. ಬಂದವರೇ ರಾಮಕ್ಕನ ಪಕ್ಕ ಕುಳಿತರು.

"ಉಸಿರಾಟ ಸಲೀಸಾಗಿದೆಯಾ ರಾಮಕ್ಕ? ಗಂಟಲು ಬಿಗಿದ ಹಾಗೆ ಇದೆಯಾ? ನಾಲಗೆ ತೋರಿಸಿ."

"ಉಸಿರು ಸರಿಯಾಗೈತೆ. ಉರಿ ತಡಿಯಕಾಯ್ತಿಲ್ಲ. ಹೋದ ಸಲಿ ಡೈ ಆಕ್ಕಂಡಾಗ ಒಸಿ ಕೆರೆತ ಬಂದಿತ್ತು, ಅಷ್ಟೇ."

"ಸದ್ಯ. ತುಟಿ, ನಾಲಗೆ ಊದಿದ್ದರೆ, ಉಸಿರು ಕಟ್ಟಿದ್ದರೆ ನನಗೋಸ್ಕರವೂ ಕಾಯಬಾರದಿತ್ತು. ತಕ್ಷಣ 108ಕ್ಕೆ ಫೋನ್ ಮಾಡಬೇಕಿತ್ತು."

ತಲೆಯನ್ನು ಹಿಂದಕ್ಕೆ ಬಾಗಿಸಿ, ಬಣ್ಣದ ನೀರು ಕಣ್ಣಿಗೆ ಇಳಿಯದಂತೆ, ಬರೀ ತಣ್ಣೀರು ಹೊಯ್ದು ಮೆಲ್ಲಗೆ ತೊಳೆದರು. ಆಮೇಲೆ, "ನಡೀರಿ, ಸರ್ಕಾರಿ ಆಸ್ಪತ್ರೆಗೆ ಹೋಗೋಣ," ಎಂದರು.

ರಾಮಕ್ಕ ಗೋಡೆಯ ಕಡೆ ತಿರುಗಿಕೊಂಡಳು. "ನಾ ಬರಲ್ಲ. ಡೈ ಹಚ್ಕಂಡು ಮಕ ಊದಿಸ್ಕಂಡೆ ಅಂತ ಏಳೋದಾ? ಈ ವಯಸ್ನಾಗೆ ಇವಳಿಗೇನು ಶೋಕಿ ಅಂತ ನಗ್ತಾರೆ."

"ಮಗಳ ಶುಭಕಾರ್ಯದಲ್ಲಿ ಚೆನ್ನಾಗಿ ಕಾಣಬೇಕು ಅನ್ನೋದು ಶೋಕಿನಾ ರಾಮಕ್ಕ? ನಮ್ಮಮ್ಮನೂ ಡೈ ಹಚ್ಚುತ್ತಾರೆ. ಯಾರೂ ನಗಲ್ಲ, ಬನ್ನಿ."

ಸಿದ್ದಪ್ಪನಿಗೆ ಇನ್ನೂ ನಂಬಿಕೆ ಬರಲಿಲ್ಲ. "ಊರಾಗೆ ಅರ್ಧ ಜನ ಹಚ್ತಾರೆ ಸಿಸ್ಟರ್. ಇವಳಿಗೊಬ್ಬಳಿಗೇ ಯಾಕೆ?"

"ಬದನೆಕಾಯಿ ಎಲ್ಲರೂ ತಿಂತಾರೆ, ಕೆಲವರಿಗೆ ಮಾತ್ರ ಮೈ ಕೆರೆಯುತ್ತಲ್ಲ ಅಣ್ಣ? ಡೈಯಲ್ಲಿರೋ ಮದ್ದೂ ಹಾಗೇ. ಹೋದ ಸಲ ಕೆರೆತ ಬಂದಾಗಲೇ ಮೈ ಎಚ್ಚರಿಕೆ ಕೊಟ್ಟಿತ್ತು."

ಸಿದ್ದಪ್ಪ ಬೈಕಿನ ಕೀ ತೆಗೆದುಕೊಂಡ.

ಭುವನಾ ಫೋನ್ ಮಾಡಿದ್ದಕ್ಕೆ ಸೆಲ್ವಿ ಡೈಯ ಖಾಲಿ ಡಬ್ಬಿ ಹಿಡಿದು ಆಸ್ಪತ್ರೆಗೇ ಬಂದಳು. ರಾಮಕ್ಕನ ಮುಖ ನೋಡಿ ಅತ್ತೇಬಿಟ್ಟಳು. "ನೀವು ಹೇಳಿದ್ರಿ ಅಕ್ಕಾ, ನಾನೇ ಕೇಳಲಿಲ್ಲ." ರಾಮಕ್ಕ ತಡವರಿಸಿ ಅವಳ ಕೈ ಹುಡುಕಿ ಹಿಡಿದುಕೊಂಡಳು. "ಉರೀತೈತೆ ಅಂತ ನಾನೂ ಬಾಯ್ ಬಿಡ್ಲಿಲ್ವಲ್ಲ ತಾಯಿ."

ಡಾಕ್ಟರು ಡಬ್ಬಿ ಓದಿದರು. ಇಂಜೆಕ್ಷನ್, ಮಾತ್ರೆ, ಮುಲಾಮು ಕೊಟ್ಟರು. ರಾಮಕ್ಕ ಇನ್ನು ಈ ಬಗೆಯ ಡೈ ಮುಟ್ಟಲೇಬಾರದು, ಅದೇ ಮದ್ದು ಬೆರೆಸುವ ಕರಿ ಮೆಹಂದಿಯೂ ಬೇಡ ಎಂದರು.

"ಮಿಕ್ಕವರಿಗೆ ಹೇಗೆ ಗೊತ್ತಾಗಬೇಕು?" ಎಂದು ಸೆಲ್ವಿ ಕೇಳಿದಳು.

ಹರಿಪ್ರಿಯಾ ಹೇಳಿದರು: "ಮಗುವಿಗೆ ಕಿವಿ ಹಿಂದೆ ದಿಷ್ಟಿ ಬೊಟ್ಟು ಇಡ್ತೀವಲ್ಲ, ಹಾಗೇ ಡೈಯ ಒಂದು ಚಿಕ್ಕ ಬೊಟ್ಟು ಇಡು. ಡಬ್ಬಿ ಮೇಲೆ ಹೇಳಿರೋ ಹಾಗೆ ಎರಡು ದಿನ ಕಾಯಿ. ಕೆರೆತ, ಉರಿ, ಕೆಂಪು ಬಂದರೆ ಆ ಡೈ ಬೇಡವೇ ಬೇಡ. ಇದನ್ನು ಪ್ರತಿ ಸಲವೂ ಮಾಡಬೇಕು."

ಭಾನುವಾರದ ಹೊತ್ತಿಗೆ ಕಣ್ಣು ತೆರೆದಿತ್ತು, ಆದರೆ ಹಣೆಯ ಚರ್ಮ ಸುಲಿಯುತ್ತಿತ್ತು. ರಾಮಕ್ಕ ಅಡುಗೆಮನೆಯಲ್ಲೇ ಉಳಿದಳು. ಸಿದ್ದಪ್ಪ ಒಳಗೆ ಬಂದು, "ನೀನಿಲ್ದೆ ನಾನೊಬ್ನೇ ತಾಂಬೂಲದ ತಟ್ಟೆ ಬದಲಾಯಿಸ್ಲಾ? ಏಳು," ಎಂದು ಕೈಹಿಡಿದು ಕರೆತಂದ.

ತಟ್ಟೆ ಬದಲಾಯಿಸಿದ ಮೇಲೆ ಗಂಡಿನ ತಾಯಿ ಲಕ್ಷ್ಮಕ್ಕ ಅವಳ ಹಣೆ ನೋಡಿ, ಮೆಲ್ಲಗೆ ಪಕ್ಕಕ್ಕೆ ಕರೆದಳು. "ಡೈ ಹಚ್ದಾಗೆಲ್ಲ ನಂಗೂ ಕಿವಿ ಸುತ್ತ ಕೆರೀತೈತೆ. ಯಾರತ್ರಾನೂ ಏಳಿಲ್ಲ."

"ಇನ್ನ ಹಚ್ಲೇಬ್ಯಾಡಿ," ಎಂದಳು ರಾಮಕ್ಕ. "ನಾಳೇನೆ ಡಾಕ್ಟ್ರತ್ರ ಓಗಿ. ಜೊತೇಲಿ ನಾನೂ ಬತ್ತೀನಿ."

ಸೆಲ್ವಿ ಈಗ ಬೊಟ್ಟು ಇಡದೆ ಯಾರಿಗೂ ಡೈ ಹಚ್ಚುವುದಿಲ್ಲ. ಅವಸರದವರು ಗೊಣಗುತ್ತಾರೆ. ಗೊಣಗಲಿ.

ಅಕ್ಕಂದಿರೇ, ಅಣ್ಣಂದಿರೇ, ಬಣ್ಣ ಹಚ್ಚುವುದು ನಿಮ್ಮ ಇಷ್ಟ. ಆದರೆ ಡಬ್ಬಿಯ ಮೇಲೆ ಗಿಡಮೂಲಿಕೆ ಎಂದು ಬರೆದಿದ್ದರೂ ಮೊದಲು ಬೊಟ್ಟಿಟ್ಟು ನೋಡಿ. ತಲೆಯಲ್ಲಿ ಗಾಯವಿದ್ದರೆ ಹಚ್ಚಬೇಡಿ. ಹಿಂದೆ ಒಮ್ಮೆ ಕೆರೆತ ಬಂದಿದ್ದರೆ ಪಾರ್ಲರಿನಲ್ಲಿ ಹೇಳಿ, ಹಚ್ಚುವುದನ್ನೇ ಬಿಡಿ. ಉರಿ ಶುರುವಾದರೆ ಸಂಕೋಚಪಡದೆ ಆ ಕ್ಷಣವೇ ತೊಳೆಸಿಕೊಳ್ಳಿ, ಮುಖ ಊದಿದರೆ ಡಬ್ಬಿ ಸಮೇತ ಆಸ್ಪತ್ರೆಗೆ ಹೋಗಿ. ನಾಚಿಕೆಯಿಂದ ಮುಚ್ಚಿಟ್ಟುಕೊಳ್ಳುವ ಕಾಯಿಲೆ ಇದಲ್ಲ.