ಮುರುಕು ಗುಂಡಿಯ ಅಂಗಿ

ಬೂದಕ್ಕನಿಗೆ ಆ ಹೆಸರು ಬಂದದ್ದು ಕನ್ನಡಕದ ಅಂಗಡಿಯಲ್ಲಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಗಾಜನ್ನು ಚೌಕಟ್ಟಿನ ಅಳತೆಗೆ ಉಜ್ಜಿ ಕೂರಿಸುವುದು ಅವಳ ಕೆಲಸ. ಉಜ್ಜುವ ಚಕ್ರದಿಂದ ನೀರು ಬೆರೆತ ಗಾಜಿನ ಹಿಟ್ಟು ಚಿಮ್ಮಿ ಎದೆ, ತೋಳು ಎಲ್ಲ ಬೂದು ಬೂದಾಗುತ್ತಿತ್ತು. ಸಂಜೆಗೆ ಹೇಗೂ ಆಗುವ ಬಣ್ಣ ಅದೇ ಆದರೆ ಬೆಳಿಗ್ಗೆಯೇ ಅದನ್ನು ಹಾಕಿಕೊಂಡು ಹೋದರಾಯಿತಲ್ಲ ಎಂದು ಅವಳು ಎರಡು ಬೂದು ಅಂಗಿ ಹೊಲಿಸಿಕೊಂಡಳು. ಒಂದು ಮೈಮೇಲೆ, ಒಂದು ತಂತಿಯ ಮೇಲೆ. ಅವು ಸವೆದಾಗ ಮತ್ತೆ ಎರಡು ಬೂದು, ಅದೂ ಹಳೆಯ ಗುಂಡಿಗಳನ್ನೇ ಬಿಚ್ಚಿ ಹಾಕಿ. ಒಂದರ ತೋಳಿನ ಗುಂಡಿ ಯಾವಾಗಲೋ ಚಕ್ರಕ್ಕೆ ತಗುಲಿ ಅರ್ಧ ಮುರಿದಿತ್ತು. ಕಾಜಾದಲ್ಲಿ ನಿಲ್ಲುತ್ತದಲ್ಲ, ಸಾಕು ಎಂದು ಅದನ್ನೂ ಬಿಸಾಡಲಿಲ್ಲ. ಕೌಂಟರಿನ ಹುಡುಗಿಯರು ಇಟ್ಟ ಹೆಸರು ಹಾಗೇ ಅಂಟಿಕೊಂಡಿತು, ಅವಳೂ ಓಗೊಡತೊಡಗಿದಳು.

ಊರಿಗೆಲ್ಲ ಕಣ್ಣು ಕೂರಿಸಿ ಕೊಡುವವಳ ಮನೆಯಲ್ಲಿ ಮಾತ್ರ ದೀಪದ ಬುಡದ ಕತ್ತಲೆ. ಅವಳ ಅಮ್ಮನ ನೋಟ ಅಂಚಿನಿಂದ ಮಸುಕಾಗುತ್ತ ಬಂದು ಕೊನೆಗೊಂದು ದಿನ ಪೂರ್ತಿ ಆರಿಹೋಯಿತು. ಯಾವ ಗಾಜಿಗೂ ಬಗ್ಗದ ಕಾಯಿಲೆ. ಅಮ್ಮ ಒಳಗೊಳಗೆ ಎಷ್ಟು ಅತ್ತಳೋ, ಮಗಳ ಮುಂದೆ ಅಳಲಿಲ್ಲ. ಮರುದಿನ ಬೆಳಿಗ್ಗೆ ಮಂಚದ ಮೇಲೆ ಎದ್ದು ಕೂತು, ಕೆಲಸಕ್ಕೆ ಹೊರಟವಳನ್ನು ಕೇಳಿದಳು.

"ಇವತ್ತು ಯಾವ ಬಣ್ಣ ಹಾಕಿದೀಯ?"

ಬೂದು ಎನ್ನಲು ಮಗಳಿಗೆ ಬಾಯಿ ಬರಲಿಲ್ಲ. "ಹಸಿರು" ಎಂದುಬಿಟ್ಟಳು.

ಅಮ್ಮ ಕೈ ಚಾಚಿದಳು, ಮಗಳು ಮುಂಗೈ ಕೊಟ್ಟಳು. ತೋಳಿನ ಅಂಚನ್ನು ಬೆರಳಲ್ಲಿ ಸವರುತ್ತ ಅಮ್ಮ ಕೇಳಿದಳು, "ಯಾವ ಹಸಿರು? ಗಿಳಿದೋ, ಪಾಚಿದೋ?"

"ಗಿಳಿದು."

"ಬೇಡ ಕಣೇ. ಗಿಳಿಹಸಿರಲ್ಲಿ ನಿನ್ನ ಮುಖ ಸೊಪ್ಪಿನ ಬುಟ್ಟಿಲಿ ಕಳೆದುಹೋದ ಹಾಗಿರುತ್ತೆ. ಪಾಚಿ ಬಣ್ಣ ಆದ್ರೆ ಒಪ್ಪುತ್ತೆ."

ಅಂದಿನಿಂದ ಬೆಳಿಗ್ಗೆ ಬೆಳಿಗ್ಗೆ ಅದೇ ಆಟ. ಮಗಳು ಇಲ್ಲದ ಬೀರುವಿನಿಂದ ದಿನಕ್ಕೊಂದು ಅಂಗಿ ತೆಗೆಯುವುದು, ಅಮ್ಮ ತೋಳು ಸವರಿ ತೀರ್ಪು ಕೊಡುವುದು. ಆಕಾಶನೀಲಿ ಎಂದರೆ "ಅಯ್ಯೋ, ಜ್ವರ ಬಿಟ್ಟು ಎದ್ದವಳ ಹಾಗೆ ಕಾಣ್ತೀಯ" ಎನ್ನುವಳು. ಅಚ್ಚಬಿಳಿ ಎಂದರೆ "ಮುಖವೇ ಅಳಿಸಿಹೋಗುತ್ತೆ, ಹಾಲಿನ ಕೆನೆ ಬಣ್ಣ ತಗೋ". ಗುಲಾಬಿಗಂತೂ, "ಅದು ನಿನಗಲ್ಲ. ನಿಮ್ಮ ಸೋದರತ್ತೆಗೂ ಅಲ್ಲ, ಆದ್ರೂ ಅವಳು ಹಾಕ್ತಿದ್ಲು ಅಷ್ಟೇ." ಒಂದು ದಿನ ಮಗಳು ಏನೂ ತೋಚದೆ ಕಿಟಕಿಯಾಚೆಯ ಗೋಡೆ ನೋಡಿ "ಇಟ್ಟಿಗೆ ಬಣ್ಣ" ಎಂದಳು. ಅಮ್ಮ ಮುಂಗೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಚೆನ್ನಾಗಿ ಸುಟ್ಟ ಇಟ್ಟಿಗೆದಾ?"

"ಹೂಂ."

"ಹಾಗಾದ್ರೆ ಇವತ್ತು ತುಂಬಾ ಚೆನ್ನಾಗಿ ಕಾಣ್ತಿದೀಯ."

ಮಗಳು ನಕ್ಕು, ಬೂದು ಅಂಗಿಯಲ್ಲೇ ಕೆಲಸಕ್ಕೆ ಹೋದಳು.

ಆಮೇಲೆ ಒಂದು ದಿನ ಅಮ್ಮ ಹೋದಳು. ನೆಂಟರು ಬಂದರು, ಸಮಾಧಾನ ಹೇಳಿದರು, ಅವರವರ ದಾರಿ ಹಿಡಿದರು. ಸಂಜೆಯ ಮೌನವನ್ನು ಬೂದಕ್ಕ ಹೇಗೋ ತಾಳಿಕೊಂಡಳು. ತಾಳಲಾಗದ್ದು ಬೆಳಗಿನ ಹೊತ್ತು. ಅಂಗಿ ತೊಟ್ಟು, ಚಪ್ಪಲಿ ಮೆಟ್ಟಿ, ಅಭ್ಯಾಸಬಲದಿಂದ ಹೋಗಿ ಖಾಲಿ ಮಂಚದ ಪಕ್ಕ ನಿಲ್ಲುತ್ತಿದ್ದಳು. ಅವಳು ಯಾವ ಬಣ್ಣ ಹಾಕಿದ್ದಾಳೆಂದು ತಿಳಿದುಕೊಳ್ಳಬೇಕಾದವರು ಇಡೀ ಪ್ರಪಂಚದಲ್ಲಿ ಈಗ ಒಬ್ಬರೂ ಇರಲಿಲ್ಲ. ಅಷ್ಟು ಒಂಟಿಯಾಗಿ ಅವಳು ಹಿಂದೆಂದೂ ಇದ್ದದ್ದಿಲ್ಲ.

ಒಂದೇ ಒಂದು ಬಣ್ಣದ ಅಂಗಿ, ನಿಜವಾದದ್ದು, ತನಗೆ ಒಪ್ಪುವಂಥದ್ದು ಬೇಕು ಅನ್ನಿಸಿತು ಅವಳಿಗೆ. ಬಟ್ಟೆ ಅಂಗಡಿಗೆ ಹೋಗಿ ನಿಂತಳು. "ನಿಮಗೆ ಯಾವ ಬಣ್ಣ ಚೆನ್ನಾಗಿರುತ್ತೆ?" ಎಂದು ಅಂಗಡಿಯವನು ಕೇಳಿದ್ದೇ ತಡ, ಬೆವೆತು ಹೊರಗೆ ಬಂದಳು. ಅಮ್ಮನ ಮಾತುಗಳು ನೆನಪಿಗೆ ಬಾರದೆ ಇರಲಿಲ್ಲ. ಆದರೆ ಅವು ಇಲ್ಲದ ಅಂಗಿಗೆ ಕಾಣದ ಕಣ್ಣು ಹೇಳಿದ ಮಾತುಗಳು. ಅವನ್ನು ನಂಬಿ ಯಾರಾದರೂ ಬಟ್ಟೆ ಕೊಳ್ಳುತ್ತಾರೆಯೇ? ಕಣ್ಣಿದ್ದವರು ನೋಡಿ ಹೇಳಬೇಕು ಎಂದುಕೊಂಡಳು.

ಹಾಗೆ ನೋಡಿ ಹೇಳುವವಳೊಬ್ಬಳು ಔಷಧಿ ಅಂಗಡಿಯ ಮಹಡಿಯಲ್ಲಿ ಬೋರ್ಡು ಹಾಕಿದ್ದಳು. ಯಾರ ಮುಖಕ್ಕೆ ಯಾವ ಬಣ್ಣ ಒಪ್ಪುತ್ತದೆಂದು ತಿಳಿಸುವುದೇ ಅವಳ ಕಸುಬು. ಜನರ ಬಾಯಲ್ಲಿ ಅವಳು ಬಣ್ಣದಮ್ಮ. ಫೋನು ಮಾಡಿದರೆ ಬಣ್ಣದಮ್ಮ ಒಂದು ಷರತ್ತು ಹಾಕಿದಳು. "ನಿಮ್ಮ ಮುಖನ ವರ್ಷಗಟ್ಟಲೆ ನೋಡಿರೋರು ಒಬ್ಬರನ್ನ ಜೊತೇಲಿ ಕರ್ಕೊಂಡು ಬನ್ನಿ. ನಾನು ನೋಡೋದು ಒಂದು ಗಳಿಗೆ. ನಿಮ್ಮ ಕಳೆ ಹೇಗಿತ್ತು ಅಂತ ಗೊತ್ತಿರೋದು ಅವರಿಗೆ."

ಬೂದಕ್ಕ ಫೋನು ಕೆಳಗಿಟ್ಟು ಯೋಚಿಸಿದಳು. ಕೌಂಟರಿನ ಹುಡುಗಿಯರಿಗೆ ಅವಳ ಬೆನ್ನು ಗೊತ್ತು, ಮಾಲೀಕನಿಗೆ ಕೈ ಗೊತ್ತು. ಮುಖ ಗೊತ್ತಿರುವವರು ಯಾರು? ತಲೆ ಕೆರೆದುಕೊಂಡರೂ ಸಿಕ್ಕಿದ್ದು ಒಬ್ಬಳೇ, ಕೆಳಮನೆಯ ದೊಡ್ಡಮ್ಮ. ನಿಜವಾದ ದೊಡ್ಡಮ್ಮನೇನಲ್ಲ, ಹಗಲಲ್ಲಿ ಅಮ್ಮನ ಜೊತೆ ಕೂತು ಹರಟುತ್ತಿದ್ದ ನೆರೆಯವಳು.

"ನನ್ನ ಕನ್ನಡಕ ಮಾಡಿಕೊಟ್ಟೋಳೇ ನೀನು. ನನಗೆ ಸರಿಯಾಗಿ ಕಾಣದಿದ್ರೆ ತಪ್ಪು ನಿಂದೇ, ನೋಡ್ಕೋ" ಎನ್ನುತ್ತಲೇ ದೊಡ್ಡಮ್ಮ ಚಪ್ಪಲಿ ಹುಡುಕಿದಳು.

ಬಣ್ಣದಮ್ಮ ಬೂದಕ್ಕನಿಗೆ ಮುಖ ತೊಳೆಸಿ, ಕೂದಲಿಗೆ ಬಿಳಿ ಬಟ್ಟೆ ಕಟ್ಟಿ, ಕಿಟಕಿ ಬೆಳಕಿಗೆ ಕನ್ನಡಿಯ ಮುಂದೆ ಕೂರಿಸಿದಳು. "ಬಟ್ಟೆ ನೋಡ್ಬೇಡಿ, ಮುಖ ನೋಡಿ" ಎಂದು ತುಂಡು ಬಟ್ಟೆಗಳನ್ನು ಒಂದೊಂದಾಗಿ ಗದ್ದದ ಕೆಳಗೆ ಹರಡಿದಳು. ಮೊದಲು ಆಕಾಶನೀಲಿ.

"ನೋಡಿ, ಕಣ್ಣ ಕೆಳಗೆ ಹೇಗೆ ಕಪ್ಪಾಯ್ತು. ಕಾಯಿಲೆಯಿಂದ ಎದ್ದವರ ಹಾಗೆ."

ಬೂದಕ್ಕ ಕನ್ನಡಿಯತ್ತ ಇನ್ನಷ್ಟು ಬಾಗಿದಳು. ಅಚ್ಚಬಿಳಿ ಬಂತು, ಹೋಯಿತು. "ಮುಖಾನೇ ಕಾಣ್ತಿಲ್ಲ. ಕೆನೆ ಬಣ್ಣ ಹಾಕೋಣ." ಗಿಳಿಹಸಿರು ಬೇಡವಾಯಿತು, ಪಾಚಿಹಸಿರು ಪರವಾಗಿಲ್ಲ ಅನ್ನಿಸಿಕೊಂಡಿತು. ಗುಲಾಬಿಯನ್ನು ಹರಡುವಷ್ಟರಲ್ಲೇ ದೊಡ್ಡಮ್ಮ ಕಿಸಕ್ಕೆಂದಳು. ಕೊನೆಗೆ ಸುಟ್ಟ ಇಟ್ಟಿಗೆಯ ಬಣ್ಣ. ಬಣ್ಣದಮ್ಮ ಕನ್ನಡಿಯಿಂದ ಪಕ್ಕಕ್ಕೆ ಸರಿದು ನಿಂತಳು. ಕನ್ನಡಿಯಲ್ಲಿ ಬೂದಕ್ಕನ ಮುಖ ಇತ್ತು, ನಿದ್ದೆ ಮಾಡಿ ಎದ್ದಷ್ಟು ಹಗುರಾಗಿ. ಅದನ್ನು ನೋಡಿ ಅವಳಿಗೆ ಅಳು ಬಂತು.

"ಏನಾಯ್ತೇ?" ಎಂದಳು ದೊಡ್ಡಮ್ಮ.

"ಎಲ್ಲಾ ಅಮ್ಮ ಹೇಳಿದ್ದೇ. ಒಂದೂ ತಪ್ಪಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತ ನಾನು ಇಲ್ಲಿ ತನಕ ಬಂದೆ. ಅವಳಿದ್ದಾಗ ಒಂದು ಅಂಗಿನಾದ್ರೂ ಹೊಲಿಸಬಾರದಿತ್ತಾ? ಬರೀ ಸುಳ್ಳು ಹೇಳ್ಕೊಂಡೇ ಬಂದೆ. ಪಾಪ, ಎಲ್ಲಾ ನಂಬಿದ್ಲು."

"ನಂಬಿದ್ಲು ಅಂತ ನಿನಗ್ಯಾರು ಹೇಳಿದ್ದು?"

ಬೂದಕ್ಕ ತಿರುಗಿ ನೋಡಿದಳು.

"ನಿನ್ನ ಒಂದು ಅಂಗಿ ತೋಳಲ್ಲಿ ಮುರುಕು ಗುಂಡಿ ಇದ್ಯಲ್ಲ, ಅದು ದಿನ ಬಿಟ್ಟು ದಿನ ಅವಳ ಬೆರಳಿಗೆ ಸಿಕ್ತಿತ್ತು. 'ಮೊನ್ನೆ ಹಸಿರಿಗಿದ್ದ ಗುಂಡಿ ಇವತ್ತು ಕೆಂಪಿಗೆ ಬಂದಿದೆ, ನಾಳಿದ್ದು ಹಳದಿಗೆ ಹೋಗುತ್ತೆ' ಅಂತ ನನ್ನ ಹತ್ರ ಹೇಳಿ ಹೇಳಿ ನಗೋಳು."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ನಾನೂ ಕೇಳ್ದೆ. 'ಹೇಳಿದ್ರೆ ಅವಳು ಬಣ್ಣ ಹೇಳೋದು ನಿಲ್ಲಿಸಿಬಿಡ್ತಾಳೆ' ಅಂದ್ಲು. 'ಬೆಳಿಗ್ಗೆ ಅವಳು ಹೇಳಿದ ಅಂಗಿನ ಸಂಜೆ ತನಕ ಅವಳ ಮೈಮೇಲೆ ನೋಡ್ತಾ ಕೂತಿರ್ತೀನಿ. ಇಲ್ದಿದ್ರೆ ನನಗೆ ಅವಳ ಮುಖ ಎಲ್ಲಿ ಮರೆತುಹೋಗುತ್ತೋ' ಅಂದ್ಲು."

ಬಣ್ಣದಮ್ಮ ಬಟ್ಟೆ ತುಂಡುಗಳನ್ನು ಮಡಿಸುತ್ತ ಬೆನ್ನು ತಿರುಗಿಸಿ ನಿಂತಳು. ಮನೆಗೆ ಮರಳುವ ದಾರಿಯುದ್ದಕ್ಕೂ ದೊಡ್ಡಮ್ಮ ಏನೇನೋ ಮಾತಾಡಿದಳು, ಬೂದಕ್ಕನಿಗೆ ಒಂದೂ ಕಿವಿಗೆ ಹೋಗಲಿಲ್ಲ.

ಇಟ್ಟಿಗೆ ಬಣ್ಣದ ಅಂಗಿ ದರ್ಜಿಯ ಕೈಯಿಂದ ಬಂದಾಗ ಗುಂಡಿಗಳೆಲ್ಲ ಹೊಸವು, ನುಣ್ಣಗೆ, ಒಂದರಂತೆ ಒಂದು. ಬೂದಕ್ಕ ತೋಳಿನದೊಂದನ್ನು ಬಿಚ್ಚಿದಳು. ಬೂದು ಅಂಗಿಯಿಂದ ಆ ಮುರುಕು ಗುಂಡಿ ಕಿತ್ತು ಅದೇ ಜಾಗಕ್ಕೆ ಹೊಲಿದು, ದಾರ ಕಡಿದಳು.

ಬೆಳಿಗ್ಗೆ ಅದನ್ನು ತೊಟ್ಟಳು. ಸಂಜೆಯೊಳಗೆ ಗಾಜಿನ ಹಿಟ್ಟು ಬಿದ್ದು ಇದೂ ಬೂದಾಗುತ್ತದೆಂದು ಗೊತ್ತಿತ್ತು, ಆಗಲಿ ಎಂದುಕೊಂಡಳು. ಚಪ್ಪಲಿ ಮೆಟ್ಟಿ ಮಂಚದ ಪಕ್ಕ ಬಂದು ನಿಂತಳು. ಯಾರೂ ಏನೂ ಕೇಳಲಿಲ್ಲ. ಅವಳು ಮುಂಗೈ ಚಾಚಿದಳು.

"ಇಟ್ಟಿಗೆ ಬಣ್ಣ, ಅಮ್ಮ. ಇವತ್ತು ನಿಜವಾಗ್ಲೂ."

ಚಾಚಿದ ಕೈ ಹಾಗೇ ಇತ್ತು. ಸ್ವಲ್ಪ ಹೊತ್ತು ಕಾದು, ತನ್ನ ಇನ್ನೊಂದು ಕೈಯಿಂದ ತಾನೇ ಆ ಗುಂಡಿಯನ್ನು ಸವರಿದಳು.