ಬೆಂದ ಹಲಗೆ

ಹಲಸಿನ ಹಲಗೆಯ ಅಂಚಿಗೆ ಬಿಟ್ಟ ಒಂದು ಹನಿ ನೀರು ಇಂಗುತ್ತದೆಯೋ ಇಲ್ಲವೋ ಎಂಬುದು, ಗುಂಡ್ಲುಪೇಟೆಯ ಒಂದು ಬೀದಿಯ ಮಟ್ಟಿಗೆ, ಆ ವಾರದ ಅತ್ಯಂತ ಗಂಭೀರ ಪ್ರಶ್ನೆಯಾಗಿತ್ತು. ಬಂದವರೆಲ್ಲ ಬಗ್ಗಿ ನೋಡಿದರು. ಹನಿ ಕೆಸುವಿನೆಲೆಯ ಮೇಲಿದ್ದಂತೆ ಉಂಡೆಯಾಗಿ ಕೂತಿತ್ತು.

ಹಲಗೆ ಬಡಗಿ ಚಿಕ್ಕಬಸವಯ್ಯನದು. ಮರ, ಹೆಂಡತಿ ನಾಗಮಣಿ ಹಿತ್ತಲಲ್ಲಿ ನೆಟ್ಟು ಬೆಳೆಸಿದ್ದು. ಅದರಲ್ಲೇ ಮಗಳು ಮಾನಸಳ ಹಸೆಮಣೆಯಾಗಬೇಕು, ತಾನದನ್ನು ಕಣ್ಣಾರೆ ಕಾಣಬೇಕು ಎಂಬುದು ಅವಳ ಆಸೆ. ಕಡಿದ ಮರವನ್ನು ವರ್ಷವಾದರೂ ಒಣಗಲು ಬಿಡುವುದು ಕ್ರಮ. ಆದರೆ ನಾಗಮಣಿಯನ್ನು ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಮೈಸೂರಿನ ಡಾಕ್ಟರು ಹೇಳಿ ಕಳಿಸಿದ್ದರು. ಚಾಮರಾಜನಗರದ ಬೀಗರು ಮದುವೆಯನ್ನು ಬೇಗ ಇಟ್ಟುಕೊಳ್ಳಲು ಒಪ್ಪಿದರು. ಮರವನ್ನು ಒಪ್ಪಿಸುವವರು ಯಾರು?

ದಾರಿ ತೋರಿಸಿದವನು ಪಕ್ಕದ ಮನೆಯ ಕನಕರಾಜು. ಟ್ರ್ಯಾಕ್ಟರಿಗೆ ಬಾಯ್ಲರು ಕಟ್ಟಿಕೊಂಡು ಊರೂರಲ್ಲಿ ಅರಿಶಿನ ಬೇಯಿಸಿಕೊಡುವವನು. ಲೋಕದ ಯಾವ ತೊಂದರೆಗೂ ಅವನ ಬಳಿ ಒಂದೇ ಪರಿಹಾರ.

"ಬೇಯ್ಸಿ ಒಣಗಿಸ್ಬುಡಣ್ಣ. ಅರಿಸ್ನಕ್ಕೆ ಆಯ್ತದೆ, ಹಲಸ್ಗೆ ಆಗಕಿಲ್ವಾ?"

ಅರಿಶಿನದ ಡ್ರಮ್ಮಿನ ಹಬೆಯಲ್ಲಿ ಹಲಗೆಗಳು ಬೆಂದವು, ಕಾದ ತಗಡಿನ ಮೇಲೆ ಒಣಗಿದವು. ಸೊಟ್ಟಗಾಗಲಿಲ್ಲ, ಸೀಳಲಿಲ್ಲ, ಅರಿಶಿನದ ವಾಸನೆ ಬೇರೆ. ಶುಭವೇ ಆಯಿತೆಂದರು ಎಲ್ಲರೂ. ಅವಸರದಲ್ಲಿ ಚಿಕ್ಕಬಸವಯ್ಯ, ಇಬ್ಬರು ಕೂರುವಷ್ಟು ಅಗಲಕ್ಕೆ ಅಂಟು ಹಾಕಿ ಕೂಡಿಸಬೇಕಾದ ಅಂಚುಗಳನ್ನು ಬೇಯಿಸುವ ಮೊದಲೇ ಉಜ್ಜಿ ನಯ ಮಾಡಿಟ್ಟಿದ್ದ. ಹಬೆಗೂ ಕಾವಿಗೂ ಮರದೊಳಗಿನ ಮೇಣವೆಲ್ಲ ಅಂಚಿಗೆ ಬಂದು ಬಾಗಿಲು ಹಾಕಿಕೊಂಡಿತ್ತು. ಬಿಳಿ ಅಂಟು ಒಳಗಿಳಿಯದೆ ಮೇಲೇ ಒಣಗಿತು. ಬಿಗಿದ ಹಗ್ಗ ಬಿಚ್ಚಿದಾಗ ಹಲಗೆಗಳು ಬೇರೆಬೇರೆಯಾಗಿ, ಅಂಟು ಹಾಲಿನ ಕೆನೆಯಂತೆ ಸುಲಿದು ಬಂತು.

ಜಗುಲಿಯ ಮಂಚದಿಂದ ನಾಗಮಣಿ ನೋಡುತ್ತಿದ್ದಳು.

"ಎರಡು ಮಣೆ ಮಾಡ್ಬುಡಿ. ಒಂದ್ರಲ್ಲಿ ಮಗಳು, ಇನ್ನೊಂದ್ರಲ್ಲಿ ಅಳಿಯ."

"ಬ್ಯಾರೆ ಬ್ಯಾರೆ ಕೂತ್ಕಳಕೆ ಅದೇನ್ ಬಸ್ಸಾ?"

"ನಾವೊಂದೇ ಮಣೇಲಿ ಕೂತಿದ್ವಲ್ಲ, ಜಗಳ ಏನ್ ಕಮ್ಮಿಯಾಯ್ತಾ?"

ಅವನು ಕೇಳಲಿಲ್ಲ. ಅಂಚುಗಳಿಗೆ ಮತ್ತೆ ಉಜ್ಜುಗೊರಡು ಹಿಡಿದ. ಬೆಂದ ಪದರ ಸುರುಳಿಸುರುಳಿಯಾಗಿ ಉದುರಿ, ಅಡಿಯ ಹೊಸ ಮೈ ನೀರಿನ ಹನಿಯನ್ನು ಕುಡಿಯಿತು. ಅಂಟು ಬಳಿದು, ಇಂಗಲು ಬಿಟ್ಟು, ಕೂಡಿಸಿ, ಹಗ್ಗ ಸುತ್ತಿ ಬೆಣೆ ಹೊಡೆದ. ಬೆಂದ ಮರ ಅಂಟನ್ನು ನಿಧಾನಕ್ಕೆ ಹಿಡಿಯುತ್ತದೆ, ಮರುದಿನ ಸಂಜೆಯವರೆಗೆ ಯಾರೂ ಅಲುಗಿಸಬೇಡಿ ಎಂದು ಮನೆಯವರಿಗೆಲ್ಲ ಹೇಳಿ, ಅಂಗಳದಾಚೆಯ ಚಪ್ಪರದಲ್ಲಿಟ್ಟ.

ಮರುದಿನ ಬೆಳಿಗ್ಗೆ ನಾಗಮಣಿ ಗಂಜಿ ಬೇಡವೆಂದಳು. ಆಮೇಲೆ ಗಂಡನನ್ನು ಕರೆದಳು.

"ಅದ ತನ್ನಿ ಇತ್ಲಾಗೆ. ಒಂದ್ಸಲ ಕೈಯಿಟ್ಟು ನೋಡ್ತೀನಿ."

"ಅಲುಗ್ಸುದ್ರೆ ಮತ್ತೆ ಬುಟ್ಕತದೆ. ಸಂಜೆಗಂಟ ತಡ್ಕೊ ಕಣೆ."

"ಆಯ್ತು ಬುಡಿ" ಎಂದು ಅವಳು ಗೋಡೆಯ ಕಡೆ ಹೊರಳಿದಳು.

ಮಧ್ಯಾಹ್ನ ತೀರಿಕೊಂಡಳು. ಕುದೇರಿನಿಂದ ನೆಂಟರು ಬಂದರು. ಎಲ್ಲಕ್ಕೂ ಪರಿಹಾರವಿದ್ದ ಕನಕರಾಜು ಜಗುಲಿಯ ಕೆಳಗೆ ಬಂದವರಿಗೆ ಚಾಪೆ ಹಾಸಿದ. ಹೊತ್ತಿಳಿದ ಮೇಲೆ ಚಿಕ್ಕಬಸವಯ್ಯ ಯಾರಿಗೂ ಹೇಳದೆ ಎದ್ದುಹೋಗಿ ಬೆಣೆ ತೆಗೆದು, ಹಗ್ಗ ಬಿಚ್ಚಿದ.

ಹಲಗೆಗಳು ಕೂಡಿಕೊಂಡಿದ್ದವು.