ಕಣ್ಣು ಮುಚ್ಚಿಸಿ ಪಾಠ ಹೇಳಿದವರು

ವಿಜ್ಞಾನದ ಮೇಷ್ಟ್ರ ಬಲಭುಜ ಎಡಭುಜಕ್ಕಿಂತ ತುಸು ಕೆಳಗಿತ್ತು. ಹುಟ್ಟಿನಿಂದ ಬಂದದ್ದಲ್ಲ, ಬೂದು ಕೋಟಿನ ಬಲಜೇಬಿನಲ್ಲಿ ಸದಾಕಾಲ ಸ್ಪೀಕರ್ ಹೊತ್ತು ತಿರುಗಿದ ಫಲವೆಂದು ಸಹೋದ್ಯೋಗಿಗಳು ನಗುತ್ತಿದ್ದರು. ಗೋಡೆಯಾಚೆ ಯಾರೋ ಪಿಸುಗುಡುತ್ತಿರುವಂತೆ ತಲೆ ವಾಲಿಸಿಕೊಂಡೇ ನಡೆಯುತ್ತಿದ್ದ ಅವರಿಗೆ ಮಕ್ಕಳು ಇಟ್ಟ ಹೆಸರು ಕಿವಿ ಮೇಷ್ಟ್ರು. "ಊರಿನವರ ಮಾತೆಲ್ಲ ಕೇಳ್ಸುತ್ತೆ, ನಾನು ಕರೆದ್ರೆ ಮಾತ್ರ ಇವರಿಗೆ ಕಿವುಡು" ಎಂಬುದು ಅವರ ಹೆಂಡತಿಯ ನಿತ್ಯದ ದೂರು.

ಅವರ ತರಗತಿಯ ಕ್ರಮವೇ ಬೇರೆ. ಕಿಟಕಿ ಮುಚ್ಚಿಸಿ, ಮಕ್ಕಳನ್ನು ಡೆಸ್ಕಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಲು ಹೇಳಿ, ಸ್ಪೀಕರಿನಲ್ಲಿ ವಿಜ್ಞಾನದ ಪಾಡ್‌ಕಾಸ್ಟಿನ ಒಂದು ಕಂತು ಹಾಕುತ್ತಿದ್ದರು. ಯಾರಾದರೂ ಕೈ ಎತ್ತಿದರೆ, ಅದೆಂಥ ರಸಘಟ್ಟವಾದರೂ ಸರಿ, ತಕ್ಷಣ ನಿಲ್ಲಿಸಬೇಕು. ಹತ್ತು ನಿಮಿಷದ ಕಂತು ಇಡೀ ಪೀರಿಯಡ್ ನುಂಗಿದರೂ ಅವರಿಗೆ ಬೇಸರವಿಲ್ಲ. ಪುಸ್ತಕದ ಸಾಲು ಓದಲು ತಡವರಿಸುತ್ತಿದ್ದ ಮಕ್ಕಳು ಇಲ್ಲಿ ಅರಳು ಹುರಿದಂತೆ ಪ್ರಶ್ನೆ ಕೇಳುತ್ತಿದ್ದರು. ಅದನ್ನು ಕೇಳುವುದೇ ಮೇಷ್ಟ್ರ ಪರಮಸುಖವಾಗಿತ್ತು.

ಒಂದು ಮಧ್ಯಾಹ್ನ ಹೊಸ ಮುಖ್ಯೋಪಾಧ್ಯಾಯಿನಿ ಆ ದಾರಿಯಲ್ಲಿ ಬಂದು ಬಾಗಿಲು ತಳ್ಳಿದರು. ಮಕ್ಕಳೆಲ್ಲ ತಲೆಯಿಟ್ಟು ಮಲಗಿದ್ದಾರೆ, ಮೇಷ್ಟ್ರ ಕಣ್ಣೂ ಅರೆಮುಚ್ಚಿವೆ!

"ಇದೇನು ಮೇಷ್ಟ್ರೇ, ತರಗತಿನೋ ಮಲಗೋ ಕೋಣೆನೋ?"

"ಮಲಗಿಲ್ಲ ಮೇಡಂ, ಕೇಳಿಸ್ಕೊಳ್ತಿದ್ದಾರೆ."

"ಶುಕ್ರವಾರ ನಾನೇ ಬಂದು ಕೂರ್ತೀನಿ. ಸರಿ ಅನ್ನಿಸ್ಲಿಲ್ಲ ಅಂದ್ರೆ ಈ ಪೀರಿಯಡ್ ಗಣಿತದವರಿಗೆ."

ಗಣಿತದ ಮೇಲೆ ಮೇಷ್ಟ್ರಿಗೇನೂ ಹಗೆಯಿರಲಿಲ್ಲ, ಆದರೆ ಆ ಮಕ್ಕಳ ಬಾಯಿ ಮತ್ತೆ ಮುಚ್ಚಿಹೋಗುತ್ತದೆಂಬ ಭಯವಿತ್ತು. ಇದ್ದ ಕಂತುಗಳನ್ನೆಲ್ಲ ಜಾಲಾಡಿ, ಚಂದ್ರಯಾನಿಯೊಬ್ಬನ ಕತೆಯನ್ನು ಆರಿಸಿದರು. ಮನೆಯಲ್ಲಿ ಮತ್ತೆ ಮತ್ತೆ ಕೇಳಿ ತಾವೇ ರೋಮಾಂಚನಗೊಂಡರು.

ಶುಕ್ರವಾರ ಮುಖ್ಯೋಪಾಧ್ಯಾಯಿನಿ ಹಿಂದಿನ ಸಾಲಿನಲ್ಲಿ ಕುಳಿತರು. ಪಕ್ಕದಲ್ಲಿದ್ದ ಹುಡುಗಿ ಮುಖವನ್ನು ತೋಳಿನಲ್ಲಿ ಹುದುಗಿಸಿ ಅಲುಗಾಡದೆ ಇದ್ದಳು. "ಇವಳಿಗೆ ಗೊರಕೆ ಒಂದೇ ಬಾಕಿ" ಎಂದು ಅವರು ಗೊಣಗಿದರು. ಸ್ಪೀಕರಿನಲ್ಲಿ ಯಾನಿ ಚಂದ್ರನ ನೆಲಕ್ಕಿಳಿದ. ದೂರದಿಂದ ಅವನ ಹೆಜ್ಜೆ ಟಕ್ ಟಕ್ ಎಂದು ಸಮೀಪಿಸತೊಡಗಿತು. ಆಗ ಆ ಹುಡುಗಿಯ ಕೈ ಮೇಲೆದ್ದಿತು, ತಲೆ ಮಾತ್ರ ಏಳಲಿಲ್ಲ.

ಇದೇ ಹೊತ್ತಿಗೆ ನಿಲ್ಲಿಸಬೇಕೇ ಎಂದು ಮೇಷ್ಟ್ರ ಬೆರಳು ಹಿಂಜರಿಯಿತು. ಆದರೂ ನಿಲ್ಲಿಸಿದರು.

"ಸರ್, ಇದು ಸುಳ್ಳು. ಅಲ್ಲಿ ಗಾಳಿನೇ ಇಲ್ಲ ಅಂತ ಹೋದ ತಿಂಗಳು ಕೇಳಿದ್ವಲ್ಲ? ಗಾಳಿ ಇಲ್ದೆ ಹೆಜ್ಜೆ ಸದ್ದು ನಮ್ಮ ತನಕ ಹೇಗೆ ಬರುತ್ತೆ?"

"ಅವನ ಬೂಟೊಳಗೆ ಅವನಿಗೆ ಕೇಳ್ಸಬಹುದು ಕಣೇ" ಎಂದು ಮುಂದಿನ ಸಾಲಿನ ಹುಡುಗ ವಾದಕ್ಕಿಳಿದ.

"ಅವನಿಗೆ ಕೇಳ್ಸಲಿ. ದೂರ ನಿಂತಿರೋರಿಗೆ?"

ಮೇಷ್ಟ್ರ ಮುಖ ಒಮ್ಮೆ ಕೆಂಪಾಯಿತು. ಯಾವ ಸದ್ದಿಗೆ ತಾವು ಮರುಳಾಗಿದ್ದರೋ ಅದೇ ತಪ್ಪು! ಮರುಕ್ಷಣ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಾನೂ ಮೋಸ ಹೋದೆ ಕಣ್ರೋ! ಭಲೇ ತಾಯಿ, ಭಲೇ!"

ಕಂತು ಮುಂದುವರಿಯಿತು. ಸ್ವಲ್ಪ ಹೊತ್ತಿನಲ್ಲಿ ಹಿಂದಿನ ಸಾಲಿನಿಂದ ಇನ್ನೊಂದು ಕೈ ಮೇಲೆದ್ದಿತು. ಅದರಲ್ಲಿ ಗಡಿಯಾರವಿತ್ತು, ಬಳೆಯಿತ್ತು. ಕಣ್ಣು ಮುಚ್ಚಿ ಕುಳಿತಿದ್ದ ಮುಖ್ಯೋಪಾಧ್ಯಾಯಿನಿಯದು.

"ನಿಲ್ಸಿ ಮೇಷ್ಟ್ರೇ. ಹಾಗಾದ್ರೆ ಅಲ್ಲಿ ಇಬ್ರು ಮಾತಾಡ್ಕೊಳ್ಳೋದು ಹೇಗೆ?"

"ರೇಡಿಯೊ ಮೇಡಂ, ರೇಡಿಯೊ!" ಎಂದು ಇಡೀ ಕೋಣೆ ಕೂಗಿತು. ಆ ಪೀರಿಯಡ್ ಉಳಿಯಿತು. ಮುಂದಿನ ವಾರದಿಂದ ಪಕ್ಕದ ತರಗತಿಗೂ ಇಂಥದೇ ಒಂದು ಪೀರಿಯಡ್ ಸೇರಿತು, ಗಣಿತದವರೇ ಬಿಟ್ಟುಕೊಟ್ಟದ್ದು.

ಪಾಠದ ನಡುವೆ ಯಾರಾದರೂ ತಡೆದರೆ ಮಾನ ಹೋಯಿತೆಂದುಕೊಳ್ಳುವ ಗುರುಗಳು ಲೋಕದಲ್ಲಿ ಬೇಕಾದಷ್ಟಿದ್ದಾರೆ. ತಮ್ಮ ತಪ್ಪನ್ನು ಶಿಷ್ಯರು ಹಿಡಿದಾಗ ಹಬ್ಬದಂತೆ ಹಿಗ್ಗುವವರು ವಿರಳ. ಅಂಥವರ ಕೈಯಲ್ಲಿ ಕಲಿತ ಮಕ್ಕಳು ಮುಂದೆ ಎಷ್ಟೇ ದೊಡ್ಡ ದನಿ ಬಂದು ಏನೇ ಹೇಳಿದರೂ, ಕೇಳಿಸಿಕೊಳ್ಳುತ್ತಾರೆ, ಸುಮ್ಮನೆ ತಲೆದೂಗುವುದಿಲ್ಲ.